ಟೈರ್ ಮಗುಚಿ ಸೊಂಟ ಹಿಡಿದಾಗ

ವ್ಯಾಯಾಮಕ್ಕೆಂದು ನಾನು ನೆಲದ ಮೇಲೆ ಮಗುಚುತ್ತಿದ್ದದ್ದು ಹಳೇ ಟ್ರ್ಯಾಕ್ಟರ್ ಟೈರು, ನೂರು ಕೆಜಿ ದಾಟಿತ್ತು. ಮಗುಚಿದ ಮರುದಿನ ಪ್ರತಿ ಸಲವೂ ಸೊಂಟ ಹಿಡಿಯುತ್ತಿತ್ತು, ಎಡ ಮೊಣಕೈ ಹತ್ತಿರ ಚಳುಕು ಬೇರೆ. ಪಕ್ಕದಿಂದ ವಿಡಿಯೊ ಮಾಡಿಸಿ ನೋಡಿದೆ: ಬೆನ್ನು ಬಿಲ್ಲಿನಂತೆ ಬಾಗಿತ್ತು, ಮೊಣಕೈ ಮಡಚಿತ್ತು. ಟೈರನ್ನು ತಳ್ಳುವ ಬದಲು ಎತ್ತುತ್ತಿದ್ದೆ!

ಎರಡು ವಾರ ಬಿಡುವು ಕೊಟ್ಟು, ಹಗುರ ಟೈರಿನಿಂದ ಮತ್ತೆ ಶುರು ಮಾಡಿದೆ. ಈಗ ಪಾದ ಹಿಂದಿಟ್ಟು, ಎದೆ-ಭುಜ ಟೈರಿಗೆ ಒತ್ತಿ, ಕೈ ನೇರ ಚಾಚಿ ಹಿಡಿದು, ಕೆಸರಲ್ಲಿ ಹೂತ ಗಾಡಿ ನೂಕುವ ಹಾಗೆ ಕಾಲಿನ ಬಲದಿಂದಲೇ ಮುಂದಕ್ಕೂ ಮೇಲಕ್ಕೂ ತಳ್ಳುತ್ತೇನೆ. ಟೈರು ಸೊಂಟದೆತ್ತರಕ್ಕೆ ಬಂದಾಗ ಒಂದು ಮೊಣಕಾಲಿನ ಆಸರೆ ಕೊಟ್ಟು, ಥಟ್ಟನೆ ಅಂಗೈ ತಿರುಗಿಸಿ ನೂಕಬೇಕು. ಮಡಚಿದ ಕೈಯಲ್ಲಿ ಎಳೆದರೆ ಬೈಸೆಪ್ಸ್, ಅಂದರೆ ತೋಳಿನ ಮುಂಭಾಗದ ಸ್ನಾಯು, ಹರಿಯಬಹುದು. ನನ್ನದು ಉಳಿದದ್ದು ಅದೃಷ್ಟ. ಐದು ಸಲಕ್ಕೇ ನಿಲ್ಲಿಸುತ್ತೇನೆ, ಸುಸ್ತಾದ ಮೇಲೇ ನನ್ನ ಬೆನ್ನು ಬಾಗುವುದು.