ಮಳೆ ರಜೆಯಲ್ಲಿ ಮನೆಯಾಟ: ಪುಟ್ಟ ಮಕ್ಕಳ ಮನಸ್ಸು ಗಟ್ಟಿಯಾಗಲು ಏನು ಮಾಡಬೇಕು?

ಜೂನ್ ಬಂದರೆ ಕೊಡಗಿನ ಮಕ್ಕಳು ಮನೆಯೊಳಗೇ ಜಾಸ್ತಿ. ಡಿಸಿ ರಜೆ ಕೊಟ್ಟಿರುತ್ತಾರೆ, ಕರೆಂಟ್ ಹೋಗಿರುತ್ತದೆ, ಹೊರಗೆ ಬಿಟ್ಟರೆ ಶೀತ, ಒಳಗಿಟ್ಟರೆ ಜಗಳ. ಚಾರ್ಜ್ ಇರುವಷ್ಟು ಹೊತ್ತು ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಆದರೆ ಮೂರರಿಂದ ಏಳು ವರ್ಷದ ಮಕ್ಕಳು ಸೋಲು, ಸಿಟ್ಟು, ಹೆದರಿಕೆಯನ್ನು ತಾಳಿಕೊಳ್ಳುವುದನ್ನು ಕಲಿಯಲು ಈ ಮಳೆಗಾಲದಷ್ಟು ಒಳ್ಳೆಯ ಸಮಯ ಬೇರೆ ಸಿಗುವುದಿಲ್ಲ.

ಮನಸ್ಸು ಗಟ್ಟಿ ಎಂದರೆ ಅಳದೇ ಇರುವುದಲ್ಲ. ಅತ್ತು ಮುಗಿಸಿದ ಮಗು ಸಮಾಧಾನವಾಗಿ ಮತ್ತೆ ಆಟಕ್ಕೆ ಬಂದರೆ ಅದರ ಮನಸ್ಸು ಗಟ್ಟಿಯಾಗುತ್ತಿದೆ ಎಂದು ಅರ್ಥ. "ಗಂಡು ಹುಡುಗ ಅಳ್ತಾರೇನೋ" ಎಂದು ಗದರಿಸಿದರೆ ಅಳು ನಿಲ್ಲುತ್ತದೆ, ಹೆದರಿಕೆ ಒಳಗೇ ಉಳಿಯುತ್ತದೆ.

ಮೊದಲ ಕೆಲಸ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ನೀವೇ ಮಗುವಿನ ಜೊತೆ ನೆಲದ ಮೇಲೆ ಕೂತು ಆಡುವುದು. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಜಗಳಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗದವರು ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅಂಥ ಮಕ್ಕಳಿಗೆ ನೆಚ್ಚಿಕೊಳ್ಳಲು ಒಬ್ಬರಾದರೂ ದೊಡ್ಡವರು ಇದ್ದರು ಎನ್ನುವುದು ಅವರು ಕಂಡ ಮುಖ್ಯ ವಿಷಯ. ಆ ಒಬ್ಬರು ಅಜ್ಜಿಯಾದರೂ ಸರಿ, ಚಿಕ್ಕಪ್ಪನಾದರೂ ಸರಿ. ತೋಟದ ಕೆಲಸ ಮುಗಿಸಿ ಸಂಜೆ ಲೈನ್ ಮನೆಗೆ ಬರುವ ಅಮ್ಮಂದಿರಿಗೆ ಇಪ್ಪತ್ತು ನಿಮಿಷವೂ ಕಷ್ಟ, ಗೊತ್ತು. ಅಡುಗೆ ಮಾಡುತ್ತಲೇ ಹತ್ತು ನಿಮಿಷ ಆಡಿದರೂ ನಡೆಯುತ್ತದೆ, ಫೋನ್ ಮಾತ್ರ ಕೈಯಲ್ಲಿ ಬೇಡ. ಯಾವ ಆಟ ಅನ್ನುವುದನ್ನು ಮಗು ಹೇಳಲಿ.

ಮಗು ನಿಮಗೇ ಬಿಟ್ಟರೆ ಕೆರೆ-ದಡದಿಂದ ಶುರು ಮಾಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಸಾಕು. "ಕೆರೆ" ಅಂದರೆ ಒಳಗೆ ಹಾರಬೇಕು, "ದಡ" ಅಂದರೆ ಹೊರಗೆ. ಮೊದಲು ನಿಧಾನ, ಆಮೇಲೆ ಬೇಗ ಬೇಗ, ನಡುವೆ "ದಡ, ದಡ" ಎಂದು ಎರಡು ಸಲ ಹೇಳಿ. ಹಾರಲು ಎತ್ತಿದ ಕಾಲನ್ನು ಮಗು ತಡೆದು ನಿಲ್ಲಿಸುತ್ತದಲ್ಲ, ಆ ಒಂದು ಕ್ಷಣಕ್ಕಾಗಿಯೇ ಈ ಆಟ. ಸಿಟ್ಟು ಬಂದಾಗ ತಮ್ಮನ ಮೇಲೆ ಎತ್ತಿದ ಕೈ ತಡೆಯಬೇಕಾದರೂ ಅದೇ ಹಿಡಿತ ಬೇಕು, ಅಲ್ವಾ? ಒಂದೇ ದಿನಕ್ಕೆ ಬರುವುದಿಲ್ಲ, ಆಡುತ್ತಾ ಆಡುತ್ತಾ ಬರುತ್ತದೆ.

ಆಮೇಲೆ ಸೋಲು. ಇದಕ್ಕೆ ಹಾವು-ಏಣಿ, ಸ್ವಲ್ಪ ದೊಡ್ಡವರಿಗೆ ಚೌಕಾಬಾರ. ಮಗು ಅಳುತ್ತದೆ ಎಂದು ಪ್ರತಿ ಸಲ ಬೇಕಂತಲೇ ಸೋಲಬೇಡಿ. ಕೆಲವೊಮ್ಮೆ ಗೆಲ್ಲಲಿ, ಕೆಲವೊಮ್ಮೆ ಸೋಲಲಿ. ಹಾವಿನ ಬಾಯಿಗೆ ಬಿದ್ದು ಕಾಯಿ ಎಸೆದರೆ ಉಪದೇಶ ಮಾಡದೆ "ಇನ್ನೇನು ಮೇಲೆ ಹೋಗಿದ್ದೆ, ಬೇಜಾರಾಯ್ತಲ್ವಾ ಮಗಾ" ಎಂದಷ್ಟೇ ಹೇಳಿ ಸುಮ್ನೆ ಪಕ್ಕದಲ್ಲಿರಿ. ಅಳು ಇಳಿದ ಮೇಲೆ ಎಸೆದ ಕಾಯಿಯನ್ನು ಅದೇ ಹುಡುಕಿ ತರಲಿ. ನಿಮ್ಮ ಕಾಯಿ ಕೆಳಗಿಳಿದಾಗ ನೀವೂ "ಅಯ್ಯೋ, ನಂಗೂ ಬೇಜಾರಾಯ್ತು, ಇರ್ಲಿ, ಮತ್ತೆ ಹತ್ತೋಣ" ಎಂದು ಬಾಯಿಬಿಟ್ಟು ಹೇಳಿ. ಮಕ್ಕಳು ಅದನ್ನು ಹಾಗೇ ಎತ್ತಿಕೊಳ್ಳುತ್ತಾರೆ.

ಇನ್ನು ಮಳೆಯ ಹೆದರಿಕೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮಕ್ಕಳ ಮನಸ್ಸಿನ ಮಾತಾಡಲು ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಈಗಿನ ಪುಟಾಣಿಗಳಲ್ಲಿ ಹೆಚ್ಚಿನವರು 2018ರಲ್ಲಿ ಹುಟ್ಟಿರಲೇ ಇಲ್ಲ. ಆದರೂ ಜೋರು ಮಳೆಗೆ ದೊಡ್ಡವರ ಮುಖ ಬದಲಾಗುವುದು ಅವರಿಗೆ ಕಾಣುತ್ತದೆ, ಬರೆ (ಗುಡ್ಡದ ಇಳಿಜಾರು) ಕುಸಿದ ಸುದ್ದಿ ಕಿವಿಗೆ ಬೀಳುತ್ತದೆ.

ಹಾಗಾಗಿ ಅದು ಆಟದಲ್ಲೂ ಬರುತ್ತದೆ. ಐದು ವರ್ಷದ ಒಬ್ಬಳು ಜಗಲಿ ಮೆಟ್ಟಿಲ ಮೇಲೆ ಕೆಸರು ಗುಡ್ಡೆ ಮಾಡಿ, ಮೇಲೆ ಬೆಂಕಿಪೊಟ್ಟಣದ ಮನೆ ಇಟ್ಟು, ಚೊಂಬಿನಿಂದ ನೀರು ಸುರಿಯುತ್ತಿದ್ದಳು. ಮನೆ ಜಾರಿ ಕೆಳಗೆ ಬರುತ್ತಿತ್ತು. ಮತ್ತೆ ಇಡುವುದು, ಮತ್ತೆ ಸುರಿಯುವುದು. "ಅಪಶಕುನದ ಆಟ, ಎದ್ದು ಬಾ" ಎಂದು ಅಜ್ಜಿ ಕೂಗಿದರು. ಅಜ್ಜಿಯ ಸಂಕಟ ಅರ್ಥವಾಗುತ್ತದೆ, ಆದರೆ ಈ ಆಟವನ್ನು ನಿಲ್ಲಿಸಬಾರದು. ದೊಡ್ಡವರು ಮಾತಾಡಿ ಹಗುರಾಗುವುದನ್ನು ಮಕ್ಕಳು ಆಡಿ ಆಗುತ್ತಾರೆ. ಅವಳ ಅತ್ತೆ ಪಕ್ಕದಲ್ಲಿ ಕೂತು "ಈ ಮನೆಯವರೆಲ್ಲ ಈಗ ಎಲ್ಲಿಗೆ ಹೋಗ್ತಾರೆ ಪುಟ್ಟಿ?" ಎಂದರು. ಹುಡುಗಿ ಸ್ವಲ್ಪ ಯೋಚಿಸಿ, ನಾಲ್ಕು ಕಾಫಿ ಬೀಜ ತಂದು, ಒಂದೊಂದಾಗಿ ಮೇಲಿನ ಮೆಟ್ಟಿಲಿಗೆ ಸಾಗಿಸಿದಳು. ಅದು ಶಾಲೆಯಂತೆ, ಅಲ್ಲಿ ಅನ್ನ ಕೊಡುತ್ತಾರಂತೆ. ನೀವೂ ಇಷ್ಟೇ ಮಾಡಿ: ಒಂದು ಪ್ರಶ್ನೆ ಕೇಳಿ, ಕಥೆಯನ್ನು ಅವರೇ ಮುಂದುವರಿಸಲಿ.

"ಏನೂ ಆಗಲ್ಲ" ಎಂದು ಮಾತ್ರ ಮಾತು ಕೊಡಬೇಡಿ. ಅದರ ಬದಲು ಚೀಲ ಕಟ್ಟುವ ಆಟ ಆಡಿ. ಟಾರ್ಚ್, ಸ್ವೆಟರ್, ನೀರಿನ ಬಾಟಲಿ, ಮಗುವಿನ ಇಷ್ಟದ ಗೊಂಬೆ, ಎಲ್ಲ ತುಂಬಿ "ಈಗ ಹೊರಡೋಣ" ಅಂದ ತಕ್ಷಣ ಯಾರು ಏನು ಹಿಡಿಯಬೇಕು, ಯಾರ ಕೈ ಹಿಡಿಯಬೇಕು, ಯಾರ ಮನೆಗೆ ಹೋಗಬೇಕು ಎಂದು ನಗುನಗುತ್ತಾ ಆಡಿ ತೋರಿಸಿ. ತಾನು ಮಾಡಬೇಕಾದ ಕೆಲಸ ಗೊತ್ತಿರುವ ಮಗುವಿಗೆ ಹೆದರಿಕೆ ಕಡಿಮೆ. ಟಾರ್ಚ್‌ನ ಜವಾಬ್ದಾರಿ ಅದಕ್ಕೇ ಕೊಡಿ.

ಮಳೆ ಬಿಟ್ಟಾಗ ಹೊರಗೆ ಬಿಡಿ. ಆನೆ ಓಡಾಡುವ ತೋಟದೊಳಗೆ ಬೇಡ, ಅಂಗಳದಲ್ಲಿ, ಕಾಫಿ ಕಣದಲ್ಲಿ. ಜಾರಲಿ, ಬೀಳಲಿ, ಸೀಬೆ ಮರದ ಕೆಳಗಿನ ಕೊಂಬೆ ಹತ್ತಲಿ. ಕಾಲಿಗೆ ಜಿಗಣೆ ಹತ್ತಿದರೆ ನೀವೇ ಕಿರುಚಬೇಡಿ. ಉಗುರಿನಿಂದ ಮೆಲ್ಲಗೆ ಬಿಡಿಸಿ, ಸೋಪು ನೀರಲ್ಲಿ ತೊಳೆಯುವುದನ್ನು ತೋರಿಸಿದರೆ ಮುಂದಿನ ಸಲ ಮಗುವೇ ಕಾಲು ಚಾಚಿ "ಅಮ್ಮಾ, ತೆಗಿ" ಎನ್ನುತ್ತದೆ.

ಎಲ್ಲವೂ ಆಟದಿಂದ ಸರಿಹೋಗುವುದಿಲ್ಲ. ವಾರಗಟ್ಟಲೆ ಅದೇ ಆಟ, ಕಥೆಯಲ್ಲಿ ಏನೂ ಬದಲಾವಣೆ ಇಲ್ಲ, ಆಡಿದ ಮೇಲೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತಿದೆ ಅಂದರೆ ಗಮನ ಕೊಡಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ರಾತ್ರಿ ನಿದ್ದೆ ಬಾರದೆ ನಿಮ್ಮನ್ನು ಬಿಟ್ಟಿರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮೊದಲು ಮಗು ಯಾವ ಆಟ ಆಡುತ್ತಿದೆ, ಯಾವಾಗಿನಿಂದ, ಊಟ ನಿದ್ದೆ ಹೇಗಿದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೇಳಿದಾಗ ತಡವರಿಸುವುದು ತಪ್ಪುತ್ತದೆ.