ನೆಲ್ಲಿಕಾಯಿ, ಕ್ಲೋರ್‌ಪೈರಿಫಾಸ್ ಮತ್ತು ನನ್ನ ಇಲಿಗಳು

ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕೊಟ್ಟ ಇಲಿಯ ಯಕೃತ್ತನ್ನು ಬೆಟ್ಟದ ನೆಲ್ಲಿಕಾಯಿ ಕಾಪಾಡಬಹುದು ಎಂದಾಗ ವಿಭಾಗದಲ್ಲಿ ನಕ್ಕವರೇ ಹೆಚ್ಚು. “ಕಷಾಯ ಕುಡಿಸಿ ವಿಷ ಇಳಿಸುತ್ತೀರಾ?” ಎಂದ ಹಿರಿಯರೊಬ್ಬರು ಈಗ ನನ್ನ ಗ್ರಾಫನ್ನೇ ತರಗತಿಯಲ್ಲಿ ತೋರಿಸುತ್ತಿದ್ದಾರೆ.

ಮೊದಲ ಸುತ್ತು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇಲಿ, ಆಹಾರ, ರಾಸಾಯನಿಕ ಸೇರಿ ಸುಮಾರು ನಲವತ್ತು ಸಾವಿರ ರೂಪಾಯಿ ಹೋಯಿತು. ವಿಷ ಮುಟ್ಟದ ಇಲಿಗಳಲ್ಲೂ, ಕೋಶದ ಕೊಬ್ಬು ಉತ್ಕರ್ಷಣಗೊಂಡಾಗ ಹುಟ್ಟುವ ಮ್ಯಾಲೋನ್‌ಡೈಆಲ್ಡಿಹೈಡ್ ಏರಿತ್ತು! ಕರೆಂಟ್ ಹೋದ ಹೊತ್ತಿನಲ್ಲಿ ಹೋಮೋಜಿನೇಟ್ (ಅರೆದ ಯಕೃತ್ತು) ನಳಿಕೆಯಲ್ಲೇ ಉತ್ಕರ್ಷಣಗೊಂಡಿತ್ತು. ಅಂದಿನಿಂದ ಎಲ್ಲವೂ ಮಂಜುಗಡ್ಡೆಯ ಮೇಲೆ, ಉತ್ಕರ್ಷಣ ತಡೆಯುವ ಸ್ವಲ್ಪ ಬಿಎಚ್‌ಟಿ ಬೆರೆಸಿ, ಅದೇ ದಿನ ಅಳೆಯುವುದು. ಕಿಟ್ ಕೊಳ್ಳುವುದನ್ನು ಬಿಟ್ಟು ಪರೀಕ್ಷೆಗೆ ಬೇಕಾದ ಎಲ್ಮನ್ ದ್ರಾವಣವನ್ನು ನಾವೇ ತಯಾರಿಸಿಕೊಂಡೆವು. ಉಳಿದ ಹಣದಲ್ಲಿ ಮುಂದಿನ ತಂಡದ ಇಲಿಗಳು ಬಂದವು.

ಎರಡನೆಯ ಸುತ್ತಿನ ಫಲಿತಾಂಶ ಅತಿ ಚೆನ್ನಾಗಿತ್ತು. ಅದೇ ಅನುಮಾನಕ್ಕೆ ಕಾರಣ. ನೆಲ್ಲಿಕಾಯಿಯ ಸತ್ವವನ್ನೂ ವಿಷವನ್ನೂ ಒಟ್ಟಿಗೆ ಕೊಟ್ಟರೆ ಕಾಯಿಯ ಒಗರು ಅಂಶವಾದ ಟ್ಯಾನಿನ್ ಹೊಟ್ಟೆಯಲ್ಲೇ ವಿಷವನ್ನು ಹಿಡಿದಿಟ್ಟಿರಬಹುದಲ್ಲ? ಆದ್ದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿಟ್ಟೆ. ಎಷ್ಟು ಗಂಟೆ ಎಂಬುದನ್ನು ನನ್ನ ವಿದ್ಯಾರ್ಥಿನಿಯ ಪ್ರಬಂಧ ಸಲ್ಲಿಕೆಯಾಗುವವರೆಗೆ ಹೇಳಲಾರೆ. ಸತ್ವ ತಳಕ್ಕಿಳಿಯದಂತೆ ಏನು ಬೆರೆಸಿದೆ ಎಂಬುದೂ ಅಷ್ಟೆ.

ವಿಷ ಕಿಲೋ ತೂಕಕ್ಕೆ ಹತ್ತು ಮಿಲಿಗ್ರಾಂ, ಮೆಕ್ಕೆಜೋಳದ ಎಣ್ಣೆಯಲ್ಲಿ. ನೆರಳಿನಲ್ಲಿ ಒಣಗಿಸಿದ ಕಾಯಿಯ ಸತ್ವ ಸುಮಾರು ಇನ್ನೂರು. ವಿಷ ಮಾತ್ರ ಪಡೆದ ಗುಂಪಿನಲ್ಲಿ ಅರ್ಧಕ್ಕಿಳಿದಿದ್ದ ಗ್ಲುಟಾಥಿಯೋನ್ (ಯಕೃತ್ತನ್ನು ಕಾಯುವ ಅಣು), ಸತ್ವ ಪಡೆದ ಇಲಿಗಳಲ್ಲಿ ಸಹಜ ಮಟ್ಟದ ಶೇ. 80ರ ಆಸುಪಾಸಿನಲ್ಲಿತ್ತು. ಈ ವಿಷ ನೇರವಾಗಿ ತಡೆಯುವ ಮಿದುಳಿನ ಕಿಣ್ವ ಕೋಲಿನೆಸ್ಟರೇಸ್ ಮಾತ್ರ ಹೆಚ್ಚುಕಡಿಮೆ ಇಳಿದ ಮಟ್ಟದಲ್ಲೇ ಇತ್ತು. ವಿಷದಿಂದ ಕಿಣ್ವಕ್ಕೆ ಅಂಟಿದ ಫಾಸ್ಫೇಟನ್ನು ಕೀಳಲು ಪ್ರಾಲಿಡಾಕ್ಸಿಮ್ ಎಂಬ ಔಷಧ ಬೇಕು, ನೆಲ್ಲಿಕಾಯಿಗೆ ಆ ಕೆಲಸ ಬಾರದು. ಅದೂ ಚೇತರಿಸಿತು ಎನ್ನುವವರ ಡೋಸ್ ವೇಳಾಪಟ್ಟಿಯನ್ನು ನಾನು ಮೊದಲು ಕೇಳುತ್ತೇನೆ.

ನಡುವೆ ಒಂದು ಚಪಲ. ಕರಿಮೆಣಸಿನ ಪೈಪರಿನ್ ಜೊತೆಗಿದ್ದರೆ ಅರಿಶಿನದ ಕರ್ಕ್ಯುಮಿನ್ ಹೆಚ್ಚು ಹೀರಿಕೆಯಾಗುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ತೋರಿಸಿದ್ದರು. ಅರಿಶಿನ-ಮೆಣಸನ್ನೂ ಕೊಟ್ಟು ನೋಡಿದೆ. ಯಕೃತ್ತು ಅದ್ಭುತವಾಗಿತ್ತು, ಕೋಲಿನೆಸ್ಟರೇಸ್ ಕೂಡ! ಅಲ್ಲೇ ಗುಟ್ಟು ಸಿಕ್ಕಿತು. ಪೈಪರಿನ್ ಯಕೃತ್ತಿನ ಸೈಟೋಕ್ರೋಮ್ ಪಿ450 ಕಿಣ್ವಗಳನ್ನು ತಡೆಯುತ್ತದೆ. ಕ್ಲೋರ್‌ಪೈರಿಫಾಸನ್ನು ನಿಜವಾದ ವಿಷವಾದ ಆಕ್ಸಾನ್ ಆಗಿ ಮಾರ್ಪಡಿಸುವುದೂ ಅದೇ ಕುಟುಂಬದ ಕಿಣ್ವಗಳು. ಅರಿಶಿನ ಕಾಪಾಡಿತೋ, ವಿಷವೇ ತಯಾರಾಗಲಿಲ್ಲವೋ? ಮೆಣಸು ಮಾತ್ರ ಪಡೆಯುವ ಗುಂಪಿಲ್ಲದೆ ಇದು ಬಗೆಹರಿಯದು. ಅದಕ್ಕೆ ಬೇಕಾದ ಇಲಿಗಳ ಅರ್ಜಿ ಸದ್ಯ ಪ್ರಾಣಿ ನೈತಿಕ ಸಮಿತಿಯ ಮುಂದಿದೆ.