ಎರಡನೇ ಸಲಕ್ಕೆ ಸರಿಹೋದ 4ಕೆ ಪ್ಲೇಯರ್

ಮೊದಲೇ ಹೇಳಿಬಿಡುತ್ತೇನೆ, ನಾನು ಈ ವಿಷಯದಲ್ಲಿ ಪಂಡಿತ ಅಲ್ಲ. ಮೈಸೂರಿನ ಮನೆಯ ಹಾಲ್‌ನಲ್ಲಿ ಒಂದು 55 ಇಂಚಿನ ಟಿವಿ, ಹಳೇದೊಂದು ಎವಿ ರಿಸೀವರ್ (ಶಬ್ದವನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ), ಐದು ಸ್ಪೀಕರು, ಒಂದು ಸಬ್‌ವೂಫರ್. ಇಷ್ಟೇ ನನ್ನ ಟಾಕೀಸು. ಆದರೆ 4ಕೆ ಡಿಸ್ಕ್ (ಡಿವಿಡಿ, ಬ್ಲೂ-ರೇ ಆದ ಮೇಲೆ ಬಂದ, ಇನ್ನೂ ಸೂಕ್ಷ್ಮ ಚಿತ್ರದ ಡಿಸ್ಕ್) ಪ್ಲೇಯರ್ ವಿಷಯದಲ್ಲಿ ಒಂದು ಸಲ ದುಡ್ಡು ಕಳೆದುಕೊಂಡು, ಎರಡನೇ ಸಲ ಸರಿಯಾಗಿ ತಗೊಂಡೆ. ಹಾಗಾಗಿ ಆ ಎರಡರ ಮಧ್ಯೆ ಕಲಿತದ್ದನ್ನು ಬರೆಯೋಣ ಅನ್ನಿಸಿತು.

ಈಗ ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ, ಡಿಸ್ಕ್ ಯಾಕೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ, ಒಂದು ರಾತ್ರಿಯ ದೃಶ್ಯ ಹಾಕಿ ತೋರಿಸುತ್ತೇನೆ. ಸ್ಟ್ರೀಮಿಂಗಲ್ಲಿ ಕತ್ತಲ ಆಕಾಶ ನೋಡಿ, ಕಪ್ಪಿನಿಂದ ನೀಲಿಗೆ ಹೋಗುವಾಗ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ. ಅದೇ ಸಿನಿಮಾದ ಡಿಸ್ಕ್‌ನಲ್ಲಿ ಬಣ್ಣ ಹಿಟ್ಟು ಜರಡಿ ಹಿಡಿದ ಹಾಗೆ ನಯವಾಗಿ ಇಳಿಯುತ್ತದೆ. ಕಾರಣ ಏನೂ ದೊಡ್ಡ ಗುಟ್ಟಲ್ಲ. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಆಸುಪಾಸು. ಡಿಸ್ಕ್‌ನಲ್ಲಿ 128 ಮೆಗಾಬಿಟ್‌ವರೆಗೂ ಜಾಗ ಇದೆ. ಇನ್ನು ಶಬ್ದದ ವ್ಯತ್ಯಾಸ ಚಿತ್ರಕ್ಕಿಂತ ಜಾಸ್ತಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪ್ಲೇಯರ್ ಕತೆ ಚಿಕ್ಕದು. ಡಬ್ಬಿ ಮೇಲೆ ಎಷ್ಟು ಲೋಗೋ ಇದೆ ಅಂತ ಎಣಿಸಿ ತಗೊಂಡೆ. ಬೆಲೆ ಕಡಿಮೆ, ಲೋಗೋ ಜಾಸ್ತಿ. ಅಂಗಡಿಯಲ್ಲಿ ಡೆಮೊ ಅಂತ ತೋರಿಸಿದ್ದು ಪೆನ್‌ಡ್ರೈವ್‌ನಿಂದ ಓಡುವ ಗಿಳಿ, ಹೂವು, ಸ್ವಿಟ್ಜರ್ಲೆಂಡಿನ ಬೆಟ್ಟ. ಯಾವ ಟಿವಿಯಲ್ಲಿ ಹಾಕಿದರೂ ಚೆನ್ನಾಗಿ ಕಾಣುವಂಥದ್ದು. ಒಂದು ಡಿಸ್ಕ್ ಹಾಕಿ ತೋರಿಸಿ ಅಂದರೆ ಅಂಗಡಿಯ ಹುಡುಗ ನಕ್ಕ. ಡಿಸ್ಕ್ ಪ್ಲೇಯರ್ ಮಾರುವ ಅಂಗಡಿಯಲ್ಲಿ ಒಂದು ಡಿಸ್ಕ್ ಇರಲಿಲ್ಲ ಸ್ವಾಮಿ!

ಮನೆಗೆ ತಂದು ಮೂರನೇ ವಾರ. ಶನಿವಾರ ರಾತ್ರಿ, ಚುರುಮುರಿ ಮಾಡಿಕೊಂಡು ಎಲ್ಲರೂ ಕೂತಿದ್ದೇವೆ. ಸಿನಿಮಾ ಒಂದು ಗಂಟೆ ಇಪ್ಪತ್ತು ನಿಮಿಷ ಓಡಿತು, ನಾಯಕಿ ಬಾಗಿಲು ತೆರೆಯಲು ಕೈ ಚಾಚಿದಳು, ಅಲ್ಲಿಗೆ ನಿಂತಿತು. ಕೈ ಚಾಚಿದ್ದು ಚಾಚಿದ ಹಾಗೇ. ರಿಮೋಟ್ ಒತ್ತಿದರೆ ಉತ್ತರ ಇಲ್ಲ, ಟ್ರೇ ತೆರೆಯುವುದಿಲ್ಲ. ಕೊನೆಗೆ ಪ್ಲಗ್ ಕಿತ್ತು ಹಾಕಿದೆ. ಡಿಸ್ಕ್ ಒರೆಸಿದೆ, ಮತ್ತೆ ಹಾಕಿದೆ, ಮತ್ತೆ ಅದೇ ಬಾಗಿಲು, ಅದೇ ಕೈ.

ಡಿಸ್ಕೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಬೇರೆ ಡಿಸ್ಕ್‌ಗಳಲ್ಲೂ ಆಗತೊಡಗಿತು, ಆದರೆ ಎಲ್ಲದರಲ್ಲೂ ಅಲ್ಲ. ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆದುಕೊಳ್ಳಲು ಶುರು ಮಾಡಿದೆ: ಯಾವ ಡಿಸ್ಕ್, ಎಷ್ಟನೇ ನಿಮಿಷ. 4ಕೆ ಡಿಸ್ಕ್‌ಗಳಲ್ಲಿ 66 ಜಿಬಿಯದು ಎರಡು ಪದರ, 100 ಜಿಬಿಯದು ಮೂರು ಪದರ. ಡಬ್ಬಿಯ ಮೇಲೆ ಸಾಮಾನ್ಯವಾಗಿ ಇದನ್ನು ಬರೆದಿರುವುದಿಲ್ಲ, ವಿಮರ್ಶೆಗಳನ್ನು ಹುಡುಕಿ ಓದಿ ಒಂದೊಂದಕ್ಕೂ ಪೆನ್ಸಿಲಲ್ಲಿ ಗುರುತು ಹಾಕಿದೆ. ಎರಡು ತಿಂಗಳ ಲೆಕ್ಕ ನೋಡಿದರೆ, 66ರ ಒಂದು ಡಿಸ್ಕೂ ನಿಂತಿಲ್ಲ. ನನ್ನ ಹತ್ತಿರ ಇದ್ದ 100 ಜಿಬಿಯ ಏಳು ಡಿಸ್ಕ್‌ಗಳಲ್ಲಿ ನಾಲ್ಕು ನಿಂತಿವೆ. ಅಂದರೆ ಮೂರು ಪದರದ ಡಿಸ್ಕ್ ಅಂದರೆ ಇದಕ್ಕೆ ಕಷ್ಟ. ಹೊಸ ಫರ್ಮ್‌ವೇರ್ (ಪ್ಲೇಯರಿನ ಒಳಗಿನ ಸಾಫ್ಟ್‌ವೇರ್) ಹಾಕಿದೆ, ಕ್ವಿಕ್ ಸ್ಟಾರ್ಟ್ ಆಫ್ ಮಾಡಿದೆ, ಸಿನಿಮಾಕ್ಕೆ ಮುಂಚೆ ಅರ್ಧ ಗಂಟೆ ಪ್ಲಗ್ ತೆಗೆದಿಟ್ಟೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಸರ್ವೀಸ್ ಸೆಂಟರಿನವರು ಡಿಸ್ಕ್ ಚೇಂಜ್ ಮಾಡಿ ಸರ್ ಅಂದರು. ಅಲ್ಲಿಗೆ ಕೈ ಮುಗಿದೆ. ಕಂಪನಿ ಹೆಸರು ಬರೆಯುವುದಿಲ್ಲ, ಅದೇ ಮಾಡೆಲ್ ಇಟ್ಟುಕೊಂಡು ಏನೂ ತೊಂದರೆ ಇಲ್ಲದೆ ನೋಡುತ್ತಿರುವವರೂ ಇದ್ದಾರೆ.

ಎರಡನೇ ಸಲ ಅಂಗಡಿಯಿಂದ ಶುರು ಮಾಡಲಿಲ್ಲ, ಕಪಾಟಿನಿಂದ ಶುರು ಮಾಡಿದೆ. ಇರುವ ಡಿಸ್ಕೆಲ್ಲ ಕೆಳಗೆ ಹರಡಿಕೊಂಡು ಕೂತೆ. ಡಿವಿಡಿ ನೂರರ ಮೇಲೆ, ಹೆಚ್ಚಿನವು ಕನ್ನಡ ಸಿನಿಮಾ, ಅಪ್ಪ ಮೂವತ್ತು ನಲವತ್ತು ರೂಪಾಯಿಗೆ ಡಿವಿಡಿ ಸಿಗುತ್ತಿದ್ದ ಕಾಲದಲ್ಲಿ ಚೀಲ ಹಿಡಿದು ಹೋಗಿ ತಂದದ್ದು. ಮಾಮೂಲಿ ಬ್ಲೂ-ರೇ ಸುಮಾರು 40. 4ಕೆ 19. ಕನ್ನಡದ 4ಕೆ ಡಿಸ್ಕ್ ಒಂದೂ ಇಲ್ಲ, ಅದು ಬೇರೆ ದುಃಖ. ಒಂದು ಡಬ್ಬ ತುಂಬ ವಿಸಿಡಿ ಇತ್ತು, ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. 352 ಚುಕ್ಕೆ ಅಗಲ, 288 ಎತ್ತರದ ಚಿತ್ರವನ್ನು 55 ಇಂಚಿಗೆ ಎಳೆದರೆ ಅಣ್ಣಾವ್ರ ಮುಖ ಕೂಡ ಇಟ್ಟಿಗೆ ಗೋಡೆ. ಅದಕ್ಕೆ ಹಳೇ ಡಿವಿಡಿ ಪ್ಲೇಯರನ್ನೇ ಇಟ್ಟುಕೊಂಡಿದ್ದೇನೆ, ಅಮ್ಮ ನೋಡುತ್ತಾರೆ, ಅವರಿಗೆ ಇಟ್ಟಿಗೆ ತೊಂದರೆ ಕೊಡುವುದಿಲ್ಲ.

ಗುಡ್ಡೆ ನೋಡಿದ ಮೇಲೆ ನನಗೆ ಬೇಕಾದ್ದು ಮೂರೇ ಅಂತ ಗೊತ್ತಾಯಿತು. ನೂರು ಜಿಬಿ ಡಿಸ್ಕನ್ನು ತಡವರಿಸದೆ ಓದಬೇಕು. ಹಳೇ ರಿಸೀವರ್ ಬದಲಿಸದೆ ಕೆಲಸ ನಡೆಯಬೇಕು. ಅಪ್ಪನ ಡಿವಿಡಿಗಳು ನೋಡುವ ಹಾಗೆ ಕಾಣಬೇಕು. ಆ್ಯಪು, ವೈಫೈ, ಯೂಟ್ಯೂಬ್ ಎಲ್ಲ ಟಿವಿಯಲ್ಲೇ ಇವೆ, ಪ್ಲೇಯರಲ್ಲಿ ಇದ್ದರೆಷ್ಟು ಬಿಟ್ಟರೆಷ್ಟು.

ಗೇಮ್ ಕನ್ಸೋಲ್ ತಗೊಂಡು ಬಿಡು, ಆಟವೂ ಆಯಿತು ಸಿನಿಮಾವೂ ಆಯಿತು ಅಂತ ಆಫೀಸಿನ ಹುಡುಗರು ಹೇಳಿದರು. ತಪ್ಪಲ್ಲ. ಪಿಎಸ್5ರಲ್ಲಿ ಡಿಸ್ಕ್ ಡ್ರೈವ್ ಇರುವುದು ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎರಡೂ 4ಕೆ ಡಿಸ್ಕ್ ಓಡಿಸುತ್ತವೆ. ಆದರೆ ಪಿಎಸ್4 ಪ್ರೋ ಓಡಿಸುವುದಿಲ್ಲ, ಹೆಸರಿನಲ್ಲಿ ಪ್ರೋ ಇದೆ ಅಂತ ಸೆಕೆಂಡ್ ಹ್ಯಾಂಡ್ ತಗೊಂಡು ಮೋಸ ಹೋಗಬೇಡಿ. ಡಿಸ್ಕ್‌ನಲ್ಲಿರುವ ಡಾಲ್ಬಿ ವಿಷನ್ (ಬೆಳಕು, ಬಣ್ಣವನ್ನು ದೃಶ್ಯಕ್ಕೆ ತಕ್ಕ ಹಾಗೆ ಹೊಂದಿಸುವ ವಿಧಾನ) ಪಿಎಸ್5, ಸೀರೀಸ್ ಎಕ್ಸ್ ಈ ಎರಡು ಕನ್ಸೋಲಲ್ಲೂ ಬರುವುದಿಲ್ಲ. ಪಿಎಸ್5 ಆಡಿಯೋ ಸಿಡಿ ಕೂಡ ಓಡಿಸುವುದಿಲ್ಲ, ನನಗೆ ಅದೊಂದು ಬೇಸರ.

ಬರೀ ಪ್ಲೇಯರ್ ಅಂತ ಹುಡುಕಿದರೆ ಆಯ್ಕೆ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಒಪ್ಪೋ 2018ರಲ್ಲಿ ಪ್ಲೇಯರ್ ಅಂಗಡಿ ಮುಚ್ಚಿತು, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಮಾಡೆಲ್ ಕೈಬಿಟ್ಟಿತು, ಎಲ್‌ಜಿ 2024ರ ಕೊನೆಗೆ ಹೋಯಿತು. ನಾನು ಹುಡುಕುವಾಗ ಕೊನೆಗೆ ಉಳಿದದ್ದು ಸೋನಿ, ಪ್ಯಾನಾಸೋನಿಕ್ ಎರಡೇ. ಸೋನಿಯ ಎಕ್ಸ್700 ಎಸ್‌ಎಸಿಡಿ (ಹೆಚ್ಚಿನ ಗುಣಮಟ್ಟದ ಸಂಗೀತದ ಡಿಸ್ಕ್) ಓಡಿಸುತ್ತದೆ, ಡಾಲ್ಬಿ ವಿಷನ್ ಇದೆ, ಆದರೆ ಅದನ್ನು ಡಿಸ್ಕ್‌ಗೆ ತಕ್ಕ ಹಾಗೆ ನಾವೇ ಆನ್, ಆಫ್ ಮಾಡಬೇಕು. ಪ್ಯಾನಾಸೋನಿಕ್‌ನ ಯುಬಿ420ರಲ್ಲಿ ಡಾಲ್ಬಿ ವಿಷನ್ ಇಲ್ಲ, ಯುಬಿ820ರಲ್ಲಿ ಇದೆ. ನನ್ನ ಟಿವಿಗೇ ಡಾಲ್ಬಿ ವಿಷನ್ ಇಲ್ಲದ್ದರಿಂದ ಈ ಜಗಳದಲ್ಲಿ ನಾನು ತಲೆ ಹಾಕಲಿಲ್ಲ. ನನ್ನನ್ನು 820ರ ಕಡೆ ಎಳೆದದ್ದು ಬೇರೆ ಎರಡು.

ಒಂದು, ಹಿಂದುಗಡೆ ಎರಡು ಎಚ್‌ಡಿಎಂಐ. ನನ್ನ ರಿಸೀವರ್ 4ಕೆ ಎಚ್‌ಡಿಆರ್‌ಗಿಂತ (ಬೆಳಕು, ಬಣ್ಣ ಹೆಚ್ಚು ವಿಸ್ತಾರವಾಗಿ ತೋರಿಸುವ ಚಿತ್ರ) ಹಿಂದಿನದು. ಶಬ್ದದ ಮಟ್ಟಿಗೆ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ (ಡಿಸ್ಕ್‌ನಲ್ಲಿ ಬರುವ ಹೆಚ್ಚಿನ ಗುಣಮಟ್ಟದ ಶಬ್ದ) ಎಲ್ಲ ಬಿಡಿಸಿ ಹೇಳುತ್ತದೆ, ಆದರೆ 4ಕೆ ಚಿತ್ರ ಅದರ ಮೂಲಕ ದಾಟುವುದಿಲ್ಲ, ಅದಕ್ಕೆ ಬೇಕಾದ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಇದರಲ್ಲಿ ಇಲ್ಲ. ಹಾಗಂತ ಟಿವಿಗೆ ಹಾಕಿ ಅಲ್ಲಿಂದ ಹಳೇ ಎಆರ್‌ಸಿಯಲ್ಲಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ತಂತಿಯಲ್ಲೇ ರಿಸೀವರಿಗೆ ಕಳಿಸುವ ದಾರಿ) ವಾಪಸ್ ತಂದರೆ ಆ ದೊಡ್ಡ ಶಬ್ದ ಬರುವುದಿಲ್ಲ, ಅದಕ್ಕೆ ಎಆರ್‌ಸಿಯ ಹೊಸ ರೂಪ ಇಎಆರ್‌ಸಿ ಬೇಕು, ಟಿವಿಯಲ್ಲೂ ಬೇಕು ರಿಸೀವರಲ್ಲೂ ಬೇಕು. ಎರಡು ಎಚ್‌ಡಿಎಂಐ ಇದ್ದರೆ ತಲೆನೋವೇ ಇಲ್ಲ. ಒಂದು ತಂತಿ ಚಿತ್ರ ತಗೊಂಡು ಟಿವಿಗೆ, ಇನ್ನೊಂದು ಶಬ್ದ ತಗೊಂಡು ರಿಸೀವರಿಗೆ. ಹೊಸ ರಿಸೀವರಿನ ದುಡ್ಡು ಉಳಿಯಿತು. ಎಕ್ಸ್700ಕ್ಕೂ ಎರಡು ಇವೆ, ಅದನ್ನೂ ಹೇಳಬೇಕು.

ಇನ್ನೊಂದು, ಅದರ ಎಚ್‌ಡಿಆರ್ ಆಪ್ಟಿಮೈಸರ್. ಡಿಸ್ಕ್‌ಗಳನ್ನು 1000 ನಿಟ್ಸ್ (ಪರದೆಯ ಬೆಳಕಿನ ಅಳತೆ), ಕೆಲವನ್ನು 4000 ನಿಟ್ಸ್ ಬೆಳಕಿಗೆ ತಯಾರು ಮಾಡಿರುತ್ತಾರೆ. ನನ್ನ ಟಿವಿ ಮುಕ್ಕಿ ಮುಕ್ಕಿ ಕೊಡುವುದು ಸಾವಿರದ ಅರ್ಧ. ಮೇಲಿನ ಬೆಳಕನ್ನು ಯಾರಾದರೂ ಮಡಚಿ ಒಳಗೆ ಕೂರಿಸಬೇಕಲ್ವಾ? ಆ ಕೆಲಸವನ್ನು ಪ್ಲೇಯರೇ ಮಾಡುತ್ತದೆ.

ಅದನ್ನು ತರಿಸುವುದೇ ಒಂದು ಪ್ರಹಸನ. ಅಮೆರಿಕದಲ್ಲಿರುವ ತಮ್ಮ, ನಾನು ಬರುವಾಗ ತರುತ್ತೇನೆ ಅಂದ. ವಿಡಿಯೋ ಕಾಲ್‌ನಲ್ಲೇ ಹಿಂದುಗಡೆ ತೋರಿಸು ಅಂದೆ: 120 ವೋಲ್ಟ್, 60 ಹರ್ಟ್ಸ್. ನಮ್ಮ 230ಕ್ಕೆ ಹಾಕಿದರೆ ಹೊಗೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಗೊತ್ತು, ಆದರೆ ಸಿನಿಮಾದ ಮೌನದಲ್ಲಿ ಅದು ಜೇನುಗೂಡಿನ ಹಾಗೆ ಗುಂಯ್ ಅನ್ನುವುದನ್ನು ಗೆಳೆಯನ ಮನೆಯಲ್ಲಿ ಕೇಳಿದ್ದೇನೆ. ಬೇಡ ಅಂದೆ. ದುಬೈನಲ್ಲಿರುವ ಭಾವಮೈದ ರಜಕ್ಕೆ ಬರುವಾಗ ಕೈಚೀಲದಲ್ಲಿ ತಂದ. ಅಲ್ಲಿನದು 220-240 ವೋಲ್ಟ್. ಇಲ್ಲಿ ವಾರಂಟಿ ಇಲ್ಲ, ಅದು ಗೊತ್ತಿದ್ದೇ ತರಿಸಿದ್ದು.

ಈಗ ರೀಜನ್ ಗೋಜಲು, ಅಂದರೆ ಯಾವ ದೇಶದ ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡಬೇಕು ಅನ್ನುವ ಬೀಗ. 4ಕೆ ಡಿಸ್ಕ್‌ಗೆ ರೀಜನ್ ಇಲ್ಲ, ಎಲ್ಲಿಯದು ಎಲ್ಲಿ ಬೇಕಾದರೂ ಓಡುತ್ತದೆ. ಮಾಮೂಲಿ ಬ್ಲೂ-ರೇಗೆ ಇದೆ: ಅಮೆರಿಕ ಎ, ಯುರೋಪ್ ಮತ್ತು ಕೊಲ್ಲಿ ದೇಶಗಳು ಬಿ, ನಮ್ಮದು ಸಿ. ದುಬೈ ಪ್ಲೇಯರ್ ಅಂದರೆ ಬಿ. ಡಬ್ಬಿಯ ಹಿಂದೆ ಸಣ್ಣ ಅಕ್ಷರ ಇರುತ್ತದೆ, ನೋಡಿದರೆ ನನ್ನ 40ರಲ್ಲಿ ಹೆಚ್ಚಿನವಕ್ಕೆ ಎ, ಬಿ, ಸಿ ಮೂರೂ ಇತ್ತು. ಸಿ ಮಾತ್ರ ಇದ್ದ ಆರು ಓಡಲಿಲ್ಲ, ಅವಕ್ಕೆ ಬೆಂಗಳೂರಲ್ಲಿ ತಗೊಂಡಿದ್ದ ಹಳೇ ಪಿಎಸ್3 ಇದೆ. ಸಿಕ್ಕಿಹಾಕಿಕೊಂಡದ್ದು ಎಲ್ಲಿ ಅಂದರೆ, ತಮ್ಮ ತಂದ ಅಮೆರಿಕದ 4ಕೆ ಡಬ್ಬಿಗಳಲ್ಲಿ. ಒಳಗೆ ಎರಡು ಡಿಸ್ಕ್. 4ಕೆ ಡಿಸ್ಕ್ ಸಲೀಸಾಗಿ ಓಡಿತು, ಜೊತೆಗಿದ್ದ ಮಾಮೂಲಿ ಬ್ಲೂ-ರೇ ಓಡಲಿಲ್ಲ. ಸಿನಿಮಾ ಹೇಗೆ ತೆಗೆದರು, ನಿರ್ದೇಶಕನ ಮಾತು ಇಂಥವೆಲ್ಲ ಆ ಬ್ಲೂ-ರೇಯಲ್ಲೇ ಕೂತಿವೆ. ಇಂದಿಗೂ ನೋಡಿಲ್ಲ.

ಬಂದ ದಿನ ಮೊದಲು ಹಾಕಿದ್ದು ಆ ಬಾಗಿಲಿನ ಸಿನಿಮಾ. ಒಂದು ಗಂಟೆ ಇಪ್ಪತ್ತು ನಿಮಿಷ ಹತ್ತಿರ ಬರುವಾಗ ಹೆಂಡತಿ ನೋಟ್‌ಬುಕ್ ತಂದು ಕೈಗೆ ಕೊಟ್ಟಳು. ನಾಯಕಿ ಕೈ ಚಾಚಿದಳು, ಬಾಗಿಲು ತೆರೆದಳು, ಒಳಗೆ ಹೋದಳು. ನಾವು ಮೂರು ಜನ ಚಪ್ಪಾಳೆ ತಟ್ಟಿದೆವು. ಒಳಗೆ ಹೋಗಿ ಅವಳು ಏನು ಮಾಡಿದಳು ಅಂತ ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ಆಮೇಲೆ 100 ಜಿಬಿಯ ಆ ಏಳನ್ನೂ ಒಂದೊಂದಾಗಿ ಹಾಕಿದೆ. ಒಂದೂ ನಿಲ್ಲಲಿಲ್ಲ.

ಆದರೆ ಆ ಸಂಜೆ ಎಚ್‌ಡಿಆರ್ ಬರಲೇ ಇಲ್ಲ. ಬಣ್ಣ ಸಪ್ಪೆ ಸಪ್ಪೆ. ತಂತಿ ಬದಲಿಸಿದೆ, ಪ್ಲೇಯರನ್ನು ಬೈದೆ. ಕೊನೆಗೆ ನೋಡಿದರೆ ತಪ್ಪು ಟಿವಿಯದು, ಅಂದರೆ ನನ್ನದು. ಟಿವಿಯ ಸೆಟ್ಟಿಂಗಿನೊಳಗೆ ಆ ಎಚ್‌ಡಿಎಂಐ ಪೋರ್ಟಿಗೆ ಎನ್‌ಹಾನ್ಸ್ಡ್ ಅಂತ ಆನ್ ಮಾಡಬೇಕಿತ್ತು. ಆನ್ ಮಾಡಿ, ಪ್ಲೇಯರಿಗೆ ನಮ್ಮ ಟಿವಿ ಎಂಥದ್ದು ಅಂತ ಹೇಳಿ, ಆಪ್ಟಿಮೈಸರ್ ಹಾಕಿದೆ. ಒಂದು ದೃಶ್ಯದಲ್ಲಿ ಮುದುಕನೊಬ್ಬ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುತ್ತಾನೆ. ಮುಂಚೆ ಆ ಲಾಟೀನು ಬರೀ ಬಿಳಿ ಚುಕ್ಕೆ, ಸುಣ್ಣ ಬಳಿದ ಹಾಗೆ. ಈಗ ಗಾಜಿನೊಳಗೆ ಬತ್ತಿ ಕಂಡಿತು, ಬತ್ತಿಯ ತುದಿಯ ನೀಲಿ ಕಂಡಿತು, ಗಾಜಿನ ಒಂದು ಕಡೆ ಮಸಿ ಹಿಡಿದದ್ದೂ ಕಂಡಿತು.

ಶಬ್ದದಲ್ಲೂ ಇಂಥದ್ದೇ ಒಂದು ಗುಂಡಿ. ರಿಸೀವರಿನ ಮುಖದ ಮೇಲೆ ಟ್ರೂಎಚ್‌ಡಿ ಅಂತ ಬರಬೇಕಾದಲ್ಲಿ ಬರೀ ಡಾಲ್ಬಿ ಡಿಜಿಟಲ್ ಅಂತ ಬರುತ್ತಿತ್ತು. ಪ್ಲೇಯರಲ್ಲಿ ಸೆಕೆಂಡರಿ ಆಡಿಯೋ ಅಂತ ಒಂದಿದೆ, ಅದು ಆನ್ ಇದ್ದರೆ ಪ್ಲೇಯರ್ ಮೆನು ಶಬ್ದ, ಕಾಮೆಂಟರಿ ಎಲ್ಲ ಬೆರೆಸಿ ಶಬ್ದವನ್ನು ಸಣ್ಣದು ಮಾಡಿ ಕಳಿಸುತ್ತದೆ. ಅದನ್ನು ಆಫ್ ಮಾಡಿ, ಬಿಟ್‌ಸ್ಟ್ರೀಮ್ (ಶಬ್ದವನ್ನು ಬಿಡಿಸದೆ ಇದ್ದ ಹಾಗೇ ಕಳಿಸುವುದು) ಹಾಕಿದೆ. ಮರುಕ್ಷಣ ಟ್ರೂಎಚ್‌ಡಿ ಹತ್ತಿತು. ಹಾಗೇ 24 ಫ್ರೇಮ್ ಔಟ್‌ಪುಟ್ ಆನ್ ಮಾಡಿ, ಟಿವಿಯ ಮೋಷನ್ ಸ್ಮೂದಿಂಗ್ (ನಡುನಡುವೆ ತಾನೇ ಫ್ರೇಮ್ ಸೇರಿಸಿ ಚಲನೆ ನಯ ಮಾಡುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಎಷ್ಟೇ ದುಡ್ಡು ಹಾಕಿದರೂ ಸಿನಿಮಾ ಸೀರಿಯಲ್ ಥರ ಕಾಣುತ್ತದೆ.

ಒಂದು ಮಾತು, 4ಕೆ ಅಂತ ಬರೆದಿದೆ ಅಂತ ಎಲ್ಲ ಡಿಸ್ಕ್‌ಗೂ ದುಡ್ಡು ಸುರಿಯಬೇಡಿ. ಎಷ್ಟೋ ಸಿನಿಮಾಗಳನ್ನು 2ಕೆಯಲ್ಲಿ (4ಕೆಯ ಕಾಲು ಭಾಗದಷ್ಟೇ ಚುಕ್ಕೆ) ಮುಗಿಸಿ ಆಮೇಲೆ 4ಕೆಗೆ ಹಿಗ್ಗಿಸಿರುತ್ತಾರೆ. ಹಳೇ 35 ಎಂಎಂ ಫಿಲ್ಮಿನಿಂದ ಹೊಸದಾಗಿ ಸ್ಕ್ಯಾನ್ ಮಾಡಿದವು ಹಲವು ಸಲ ಹೊಸ ಸಿನಿಮಾಗಳಿಗಿಂತ ಚೆನ್ನಾಗಿವೆ. ಮತ್ತೆ, ನನ್ನ ಸೋಫಾ ಹತ್ತು ಅಡಿ ದೂರ ಇತ್ತು. ಅಷ್ಟು ದೂರದಿಂದ 55 ಇಂಚಿನಲ್ಲಿ ಬ್ಲೂ-ರೇಗೂ 4ಕೆಗೂ ಸೂಕ್ಷ್ಮದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಗೊತ್ತಾಗಲಿಲ್ಲ. ಆರೂವರೆ ಅಡಿಗೆ ಎಳೆದೆ. ಹಾಲ್ ನೋಡಲು ವಿಚಿತ್ರವಾಗಿದೆ, ಓಡಾಡುವಾಗ ಎಲ್ಲರೂ ಮೊಣಕಾಲು ತಗುಲಿಸಿಕೊಳ್ಳುತ್ತಾರೆ, ಮನೆಯಲ್ಲಿ ಈ ವಿಷಯ ಇನ್ನೂ ತೀರ್ಮಾನ ಆಗಿಲ್ಲ.

ಅಪ್ಪನ ಡಿವಿಡಿಗಳ ವಿಷಯ ಉಳಿಯಿತು. ಹೆಚ್ಚಿನವು ಆಲ್ ರೀಜನ್, ಓಡಿದವು. ತೊಂದರೆ ಬೇರೆ. ಕೆಲವು ಹಳೇ ಡಿವಿಡಿಗಳಲ್ಲಿ ಅಗಲ ಪರದೆಯ ಚಿತ್ರವನ್ನು ಹಳೇ ಟಿವಿಯ ಚೌಕದೊಳಗೆ ಕೂರಿಸಿಬಿಟ್ಟಿದ್ದಾರೆ, ಹೊಸ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ಪೋಸ್ಟ್ ಕಾರ್ಡಿನ ಹಾಗೆ ಸಿನಿಮಾ. ರಿಮೋಟಿನಲ್ಲಿ ಝೂಮ್ ಹುಡುಕಿ ಒತ್ತಿದರೆ ಕಿಟಕಿ ದೊಡ್ಡದಾಗುತ್ತದೆ, ಸ್ವಲ್ಪ ಮಸುಕಾಗುತ್ತದೆ, ಆದರೂ ಮುಖ ಮುಖವಾಗಿ ಕಾಣುತ್ತದೆ. ಅಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿ, ಮುಂಚೆ ಇಷ್ಟು ಜೋರಾಗಿ ಮಳೆ ಬರುತ್ತಿರಲಿಲ್ಲ ಅಂದರು, ಸ್ಪೀಕರ್ ಕಡೆ ಕೈ ತೋರಿಸಿ.

ಹಳೇ ಪ್ಲೇಯರ್ ಈಗ ಅಕ್ಕನ ಮನೆಯಲ್ಲಿದೆ. ಅವಳ ಹತ್ತಿರ ಇರುವುದು ಬರೀ ಡಿವಿಡಿ. ಇವತ್ತಿನವರೆಗೆ ಒಂದು ಸಲವೂ ನಿಂತಿಲ್ಲವಂತೆ, ಇಷ್ಟು ಒಳ್ಳೇದನ್ನು ಯಾಕೋ ಕೊಟ್ಟೆ ಅಂತ ಕೇಳುತ್ತಿರುತ್ತಾಳೆ.